ದಡದಲ್ಲಿ ಕೂತು ಕಡಲು ಕಾಯುವ ಕೆಲಸ: ಅನುಭವ ಇದ್ದವರು ಹೇಳಿ

ಮನೆ ಮಲ್ಪೆ ಹತ್ರ, ಕೆಲಸದಿಂದ ರಿಟೈರ್ ಆಗಿದ್ದೇನೆ. ಈಜು ಅಷ್ಟಕ್ಕಷ್ಟೆ. ಕಡಲಲ್ಲಿ ಯಾರಾದ್ರೂ ಅಪಾಯದಲ್ಲಿದ್ದರೆ ನೋಡಿ ತಿಳಿಸುವ ಸ್ವಯಂಸೇವೆಗೆ ನನ್ನಂಥವರು ಆಗ್ತದಾ?

ಪಡುಕೆರೆಯಿಂದ:
ಧಾರಾಳ ಆಗ್ತದೆ. ಈಜು ಬಾರದಿದ್ರೆ ಇನ್ನೂ ಒಳ್ಳೇದು ಮಾರಾಯ್ರೆ, ನೀರಿಗೆ ಹಾರುವ ಹುಮ್ಮಸ್ಸು ಬರುದಿಲ್ಲ! ಅಪಾಯದಲ್ಲಿದ್ದವರ ತಲೆ ನೀರಲ್ಲಿ ಕಂಡ ಮೇಲೆ ಕಣ್ಣು ಅಲ್ಲಿಂದ ತೆಗೀಬಾರದು, ಅಷ್ಟೇ ಕೆಲಸ. ಕೈ ಚಾಚಿ ತೋರಿಸ್ತಾ ನಿಲ್ಲಿ, ಫೋನು ಪಕ್ಕದವರು ಮಾಡಲಿ. ಮಳೆಗಾಲದ ನೊರೆಯಲ್ಲಿ ಒಮ್ಮೆ ತಪ್ಪಿದ್ರೆ ಮತ್ತೆ ಸಿಗುದು ಕಷ್ಟ. ಹಾಗಾಗಿ ಒಬ್ಬರೇ ಕೂರುದು ಬೇಡ. 112, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಮೂರನ್ನೂ ಮೊಬೈಲಲ್ಲಿ ಹಾಕಿಡಿ. ‘ಬೀಚಲ್ಲಿ’ ಅಂದ್ರೆ ಯಾವ ಬೀಚು ಅಂತ ಕೇಳ್ತಾರೆ. ಎದುರಿಗಿರುವ ಗುಡಿ, ರೆಸಾರ್ಟ್, ಬಸ್‌ಸ್ಟ್ಯಾಂಡ್ ಹೆಸರು ಹೇಳಿ.

ತಣ್ಣೀರುಬಾವಿಯಿಂದ:
ನಮ್ಮ ಕಡಲಿರುವುದು ಪಡುವಣಕ್ಕೆ. ಜನ ತುಂಬುದು ಸಂಜೆ, ಬಿಸಿಲು ನೇರ ಕಣ್ಣಿಗೆ ಹೊಡೆಯುದೂ ಅದೇ ಹೊತ್ತಿಗೆ. ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ತಗೊಳ್ಳಿ, ಉದ್ದ ಅಂಚಿನ ಟೊಪ್ಪಿಯೂ ಇರಲಿ. ಇನ್ನೊಂದು: ಎರಡು ಕಡೆ ತೆರೆ ಒಡೆದು ನಡುವೆ ಒಂದು ಪಟ್ಟಿ ಮಾತ್ರ ನೊರೆ ಇಲ್ಲದೆ, ಸ್ವಲ್ಪ ಕಪ್ಪಗೆ ಕಂಡರೆ ಅಲ್ಲಿ ನೀರು ಹೊರಕ್ಕೆ ಸೆಳೀತಾ ಉಂಟು ಅಂತ. ಘಟ್ಟದ ಮೇಲಿನವರು ‘ಇಲ್ಲಿ ಶಾಂತ ಉಂಟು’ ಅಂತ ಅಲ್ಲೇ ಇಳೀತಾರೆ! ಮುಳುಗುವವರು ಕೂಗುದು ಸಿನಿಮಾದಲ್ಲಿ. ನಿಜವಾಗಿ ಮುಖ ಮೇಲಕ್ಕೆ, ಬಾಯಿ ನೀರಿನ ಮಟ್ಟಕ್ಕೆ, ಸದ್ದೇ ಇಲ್ಲ.

ಕಾಪುವಿನಿಂದ:
ದೋಣಿಯ ಮಾತೂ ಸೇರಿಸ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಹೋಗುದು ನಾಡದೋಣಿಗಳು. ಮಗುಚುವ ಭಯ ಹೆಚ್ಚಿರುದು ಅಳಿವೆ, ಅಂದ್ರೆ ಹೊಳೆ ಕಡಲಿಗೆ ಸೇರುವ ಜಾಗ, ದಾಟುವಾಗ. ಹೊರಟದ್ದು ಯಾವ ಬಣ್ಣದ ದೋಣಿ, ಎಷ್ಟು ಜನ, ಎಷ್ಟು ಹೊತ್ತಿಗೆ ಅಂತ ಪುಸ್ತಕದಲ್ಲಿ ಬರೆದಿಡಿ. ದಡದಲ್ಲಿ ನಿಂತರೆ ಕಣ್ಣಿಗೆ ಕಾಣುವ ಕಡಲು 5 ಕಿ.ಮೀ. ಒಳಗೇ ಮುಗೀತದೆ, 10 ಮೀಟರ್ ಎತ್ತರ ಸಿಕ್ಕಿದ್ರೆ 11 ಕಿ.ಮೀ. ಆದ್ದರಿಂದ ಬಂಡೆ, ಮಾಳಿಗೆ ಏನಿದ್ದರೂ ಬಿಡಬೇಡಿ.

ಕೇಳಿದವರು:
ಉಪಕಾರ ಆಯ್ತು. ಅಳಿಯನ ಬೈನಾಕ್ಯುಲರ್ ಉಂಟು, 10 ಪಟ್ಟಿನದ್ದು. ಸಾಕಾ? ಮತ್ತೆ ಈ ಕೆಲಸಕ್ಕೆ ಸೇರ್ಲಿಕ್ಕೆ ಮೊದಲು ಯಾರನ್ನು ಭೇಟಿ ಆಗುದು?

ಪಡುಕೆರೆಯಿಂದ:
10 ಪಟ್ಟಿನದ್ದು ಕೈಯಲ್ಲಿ ನಡುಗ್ತದೆ ಸಾರ್, 7×50, ಅಂದ್ರೆ 7 ಪಟ್ಟು ಹಿಗ್ಗಿಸುವ, ಎದುರಿನ ಗಾಜು 50 ಮಿ.ಮೀ. ಅಗಲದ್ದು, ಸಿಕ್ಕಿದ್ರೆ ನೋಡಿ. ಬರಿಗಣ್ಣಲ್ಲೇ ಹುಡುಕಿ, ಸಂಶಯ ಬಂದ್ರೆ ಮಾತ್ರ ಅದನ್ನು ಎತ್ತಿ. ಕರಾವಳಿ ಕಾವಲು ಪೊಲೀಸರ ಮುಖ್ಯ ಕಚೇರಿ ನಿಮ್ಮ ಮಲ್ಪೆಯಲ್ಲೇ ಉಂಟಲ್ಲ, ಮೊದಲು ಅಲ್ಲಿ ಹೋಗಿ ಹೆಸರು ಹೇಳಿ ಬನ್ನಿ.