ಕಬ್ಬಿಣದ ಮೈಗೆ ಜೀವ ಬಂದರೆ ನಾವ್ಯಾಕೆ ಕರಗುತ್ತೇವೆ?

ಕಬ್ಬಿಣದ ಕಡಲೆ:
ಬೇರೆ ಗ್ರಹದಿಂದ ಬಂದ, ಸ್ವಂತ ಬುದ್ಧಿ ಇರುವ ರೋಬೋಗಳ ಸಿನಿಮಾ ಅಂದರೆ ಜನ ಮುಗಿಬೀಳುತ್ತಾರೆ. ‘ಟ್ರಾನ್ಸ್‌ಫಾರ್ಮರ್ಸ್’ ಸರಣಿಯ 2011 ಮತ್ತು 2014ರ ಚಿತ್ರಗಳು ಎರಡೂ ನೂರು ಕೋಟಿ ಡಾಲರ್ ದಾಟಿದವು. ಕಥೆ ಏನು ಅಂತ ಕೇಳಿದರೆ ಇಷ್ಟೇ: ಯಾವುದೋ ವಸ್ತು ಕಳೆದುಹೋಗಿದೆ, ಒಳ್ಳೆಯವರೂ ಕೆಟ್ಟವರೂ ಅದನ್ನು ಹುಡುಕುತ್ತಿದ್ದಾರೆ, ಕೊನೆಗೆ ಒಂದು ನಗರ ಪುಡಿಪುಡಿ. ನನ್ನ ಪ್ರಕಾರ ಇದು ಗ್ರಾಫಿಕ್ಸ್ ಮತ್ತು ಸದ್ದಿನ ಮೋಡಿ. ರೋಬೋಗೆ ಜೀವ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೇರೆ ಕಾರಣ ಇದ್ದರೆ ಹೇಳಿ, ನೋಡೋಣ.

ನಟ್ಟುಬೋಲ್ಟು:
ಗ್ರಾಫಿಕ್ಸ್ ಅಂತ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. 2007ರ ಮೊದಲ ಚಿತ್ರಕ್ಕೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಅನ್ನುವ ಗ್ರಾಫಿಕ್ಸ್ ಕಂಪನಿಯವರು ಆಪ್ಟಿಮಸ್ ಪ್ರೈಮ್‌ನನ್ನು, ಅಂದರೆ ಲಾರಿಯ ರೂಪ ತಾಳಬಲ್ಲ ನಾಯಕ ರೋಬೋವನ್ನು, ಹತ್ತು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿಂದ ಕಟ್ಟಿದರು. ಲಾರಿ ಬಿಚ್ಚಿಕೊಳ್ಳುವಾಗ ಗಮನಿಸಿ. ಮುಂದಿನ ಗಾಜು ಎದೆಗೆ ಬರುತ್ತದೆ, ಚಕ್ರಗಳು ಕಾಲಿಗೆ ಇಳಿಯುತ್ತವೆ. ಲಾರಿ ಮಾಯವಾಗಿ ಬೇರೇನೋ ಬಂತು ಅಂತ ಅನಿಸುವುದಿಲ್ಲ, ಇದ್ದದ್ದೇ ಎದ್ದು ನಿಂತಿತು ಅನಿಸುತ್ತದೆ. ಹೆಜ್ಜೆ ಇಟ್ಟಾಗ ಭಾರ ಕಾಣುತ್ತದೆ. ಆ ಭಾರ ಇಲ್ಲದಿದ್ದರೆ ಮುಂದಿನ ಯಾವ ಭಾವನೆಯೂ ಹುಟ್ಟಲ್ಲ. ಸರಣಿ ಬೆಳೆದಂತೆ ಇದೇ ಹದ ತಪ್ಪಿತು, ಅದು ಬೇರೆ ಮಾತು. ಜಗಳದಲ್ಲಿ ಯಾರ ಕೈ ಯಾರ ಕಾಲು ಅಂತ ತಲೆಬುಡ ಗೊತ್ತಾಗಲ್ಲ.

ಹಳೇ ರೇಡಿಯೋ:
ಕಡಲೆಯವರೇ, ‘ಜೀವ ಇದ್ದರೂ ಒಂದೇ’ ಅನ್ನುವುದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಈ ಚಿತ್ರಗಳಿಗೆ ಮೂಲವಾದ ಆಟಿಕೆಗಳು ಮೊದಲು ಜಪಾನಿನ ಟಕಾರಾ ಕಂಪನಿಯವು. ಅದರಲ್ಲಿ ಡಯಾಕ್ಲೋನ್ ಅನ್ನುವ ಸಾಲಿನ ರೋಬೋಗಳಿಗೆ ಪುಟಾಣಿ ಚಾಲಕ ಇರುತ್ತಿದ್ದ. ಅಂದರೆ ರೋಬೋ ಬರೀ ಗಾಡಿ, ಜೀವ ಇದ್ದದ್ದು ಒಳಗೆ ಕೂತವನಿಗೆ. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಇವನ್ನು ತಂದಾಗ ಚಾಲಕನನ್ನು ತೆಗೆದುಹಾಕಿತು. ಮಾರ್ವೆಲ್ ಕಾಮಿಕ್ಸ್‌ನ ಬರಹಗಾರರು ಕೂತು ಒಂದೊಂದಕ್ಕೂ ಹೆಸರು, ಸ್ವಭಾವ, ಮನೆಮುರುಕ ಬುದ್ಧಿ ಎಲ್ಲ ಕೊಟ್ಟರು. ಆಟಿಕೆಯ ಅಚ್ಚು ಹೆಚ್ಚುಕಡಿಮೆ ಅದೇ. ಹೊಸದಾಗಿ ಸೇರಿದ್ದು ಜೀವ!

ಇನ್ನು ದನಿ. ಪೀಟರ್ ಕಲೆನ್ 1984ರ ಕಾರ್ಟೂನಿನಲ್ಲೂ ಆಪ್ಟಿಮಸ್‌ಗೆ ದನಿ ಕೊಟ್ಟವರು, 2007ರ ಚಿತ್ರದಲ್ಲೂ ಅವರೇ. ಸೈನ್ಯದಲ್ಲಿದ್ದ ತಮ್ಮ ಅಣ್ಣನನ್ನು ಮನಸ್ಸಲ್ಲಿಟ್ಟುಕೊಂಡು ಆ ದನಿ ರೂಪಿಸಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಗಟ್ಟಿಯಾಗಿರು, ಆದರೆ ಮೆದುವಾಗಿರುವಷ್ಟು ಗಟ್ಟಿಯಾಗಿರು ಅನ್ನುವುದು ಅಣ್ಣನ ಮಾತಿನ ಸಾರ. ಕಣ್ಣು ಮುಚ್ಚಿ ಕೇಳಿ. ಕೂಗಾಟ ಇಲ್ಲ. ಜವಾಬ್ದಾರಿ ಹೊತ್ತ ಮನುಷ್ಯನೊಬ್ಬ ಮಾತಾಡಿದಂತೆ ಇರುತ್ತದೆ.

ಕಬ್ಬಿಣದ ಕಡಲೆ:
ಚಾಲಕನನ್ನು ತೆಗೆದದ್ದು ಆಟಿಕೆ ಮಾರೋಕೆ ಸ್ವಾಮೀ. ವ್ಯಾಪಾರದ ಉಪಾಯವನ್ನು ಅಧ್ಯಾತ್ಮ ಮಾಡಬೇಡಿ.

ಹಳೇ ರೇಡಿಯೋ:
ಮಾರೋಕೇ. ಆದರೆ ಆ ಉಪಾಯ ಮಾರುವವರ ಕೈ ಮೀರಿತು. 1986ರ ಕಾರ್ಟೂನ್ ಚಿತ್ರದಲ್ಲಿ ಹೊಸ ಆಟಿಕೆಗಳಿಗೆ ಜಾಗ ಮಾಡಲು ಹಳೇ ಪಾತ್ರಗಳನ್ನು ಸಾಲಾಗಿ ಕೊಂದರು. ಆಪ್ಟಿಮಸ್ ಕೂಡ ಸತ್ತ. ಥಿಯೇಟರಿನಲ್ಲಿ ಮಕ್ಕಳು ಅತ್ತರು, ಅಪ್ಪ ಅಮ್ಮಂದಿರು ಸಿಟ್ಟಾದರು. ಮರುವರ್ಷ ಕಾರ್ಟೂನಿನಲ್ಲಿ ಅವನನ್ನು ಬದುಕಿಸಬೇಕಾಯಿತು. ಈ ಗಲಾಟೆ ನೋಡಿ, ಅದೇ ಕಂಪನಿಯ ಸೈನಿಕ ಗೊಂಬೆಗಳ ಜಿ.ಐ. ಜೋ ಚಿತ್ರದಲ್ಲಿ ಸಾಯಬೇಕಿದ್ದ ನಾಯಕ ಡ್ಯೂಕ್‌ನನ್ನು ಕೋಮಾಕ್ಕೆ ಕಳಿಸಿ ಕೈತೊಳೆದುಕೊಂಡರು. ಮಾರುವವರಿಗೆ ಅದು ಹಳೇ ಸರಕು. ಮಕ್ಕಳಿಗೆ ಮನೆಯವನೇ ಹೋದ ಹಾಗೆ.

ಸುಮ್ನೆ ಬಂದೆ:
ನಾನು ಆಟಿಕೆ ಕಾಲದವಳಲ್ಲ, ಕಾರ್ಟೂನೂ ನೋಡಿಲ್ಲ. ನನಗೆ ಹಿಡಿಸಿದ್ದು ಇದೇ ಸರಣಿಯ 2018ರ ‘ಬಂಬಲ್‌ಬೀ’. ಚಾರ್ಲಿ ಅನ್ನುವ ಹುಡುಗಿ ಹಳೇ ಹಳದಿ ಫೋಕ್ಸ್‌ವ್ಯಾಗನ್ ಬೀಟಲ್ ಮನೆಗೆ ತರುತ್ತಾಳೆ. ಗ್ಯಾರೇಜಿನಲ್ಲಿ ಅದರ ಕೆಳಗೆ ಬಗ್ಗಿ ನೋಡಿದರೆ ಒಂದು ಮುಖ! ಕಾರು ಎದ್ದು ನಿಲ್ಲುತ್ತದೆ. ಅವಳಿಗೆ ಜೀವ ಬಾಯಿಗೆ ಬಂದಿರುತ್ತದೆ. ಆದರೆ ಹೆದರಿ ಮೂಲೆಗೆ ಸರಿದು ಮುದುಡಿಕೊಳ್ಳುವುದು ಯಾರು ಅಂದರೆ, ಅದು. ಅಷ್ಟು ದೊಡ್ಡ ದೇಹ, ಅಷ್ಟು ಪುಕ್ಕಲುತನ. ಅವಳು ಕೈ ಚಾಚುತ್ತಾಳೆ, ಅದು ಮೆಲ್ಲಗೆ ಮುಖ ಮುಂದೆ ತರುತ್ತದೆ. ಆ ದೃಶ್ಯದಲ್ಲಿ ಗುಂಡಿಲ್ಲ, ಸ್ಫೋಟ ಇಲ್ಲ. ಬರೀ ಎರಡು ನೀಲಿ ದೀಪದ ಕಣ್ಣು. ನಿರ್ದೇಶಕ ಟ್ರಾವಿಸ್ ನೈಟ್ ಗೊಂಬೆಗಳನ್ನು ಚೂರುಚೂರೇ ಕದಲಿಸಿ ಚಿತ್ರ ಮಾಡುವ ಸ್ಟುಡಿಯೋದಿಂದ ಬಂದವರು. ಜೀವವಿಲ್ಲದ ಮೈಯಲ್ಲಿ ಭಯ ಹೇಗೆ ತೋರಿಸಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು, ಅಲ್ವಾ?

ಕಬ್ಬಿಣದ ಕಡಲೆ:
ಸರಿ, ಹಾಗಾದರೆ 2013ರ ‘ಪೆಸಿಫಿಕ್ ರಿಮ್’? ಅಲ್ಲಿನ ರೋಬೋಗಳಿಗೆ ಸ್ವಂತ ಬುದ್ಧಿಯೇ ಇಲ್ಲ, ಒಳಗೆ ಇಬ್ಬರು ಮನುಷ್ಯರು ಕೂತು ನಡೆಸುತ್ತಾರೆ. ಅದನ್ನೂ ಜನ ಬಾಯಿಬಿಟ್ಟುಕೊಂಡು ನೋಡಿದರು.

ನಟ್ಟುಬೋಲ್ಟು:
ನೋಡಿದರು, ನಾನೂ ನೋಡಿದೆ. ಆದರೆ ಅಲ್ಲಿ ರೋಬೋ ಮುರಿದಾಗ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ? ಒಳಗಿರುವವರು ಬದುಕಿದರಾ ಅಂತ. ಇಲ್ಲಿ ಒಳಗೆ ಯಾರೂ ಇಲ್ಲ. ಮುರಿದದ್ದೇ ನೊಂದದ್ದು.

ನಡುರಾತ್ರಿ ಶೋ:
ಎಲ್ಲರೂ ಪ್ರೀತಿಯ ಮಾತೇ ಆಡುತ್ತಿದ್ದೀರಿ. ನನಗೆ ಬೇರೆ ಅನುಮಾನ ಇದೆ. ಮನುಷ್ಯರ ಕೈಕಾಲು ಕಿತ್ತು ತೋರಿಸಿದರೆ ಆ ಚಿತ್ರ ದೊಡ್ಡವರಿಗೆ ಮಾತ್ರ. ರೋಬೋ ಆದರೆ ತಲೆ ಕಿತ್ತರೂ ಮಕ್ಕಳು ಕೂತು ನೋಡಬಹುದು. ರಕ್ತದ ಬದಲು ಕಿಡಿ, ಎಣ್ಣೆ. 2009ರ ಚಿತ್ರದಲ್ಲಿ ಆಪ್ಟಿಮಸ್ ಎದುರಾಳಿಯ ಮುಖವನ್ನೇ ಕಿತ್ತುಹಾಕುತ್ತಾನೆ. 2011ರದ್ದರಲ್ಲಿ ತನ್ನ ಗುರುವಿನಂತಿದ್ದ ಸೆಂಟಿನೆಲ್ ಪ್ರೈಮ್ ನೆಲಕ್ಕೆ ಬಿದ್ದು ಬೇಡಿಕೊಳ್ಳುತ್ತಿರುವಾಗಲೇ ಗುಂಡು ಹೊಡೆಯುತ್ತಾನೆ. ಇವರಿಗೆ ಜೀವ ಇದೆ ಅಂತ ನಂಬುವುದಾದರೆ ಅದು ಕೊಲೆ. ಸೋತು ಬಿದ್ದವನ ಕೊಲೆ. ನಾವು ಚಪ್ಪಾಳೆ ತಟ್ಟಿದೆವು. ಅಳಬೇಕಾದಾಗ ಅವರಿಗೆ ಜೀವ ಇದೆ, ಹೊಡೆಯಬೇಕಾದಾಗ ಅವರು ಬರೀ ಕಬ್ಬಿಣ. ಎರಡೂ ಕಡೆ ಲಾಭ ಮಾಡಿಕೊಳ್ಳುವ ಈ ಅನುಕೂಲವೇ ನಿಜವಾದ ಆಕರ್ಷಣೆ ಅಂತ ನನ್ನ ಲೆಕ್ಕ.

ಇದನ್ನು ಒಪ್ಪದೆ ನೇರವಾಗಿ ಎದುರಿಸಿದ ಚಿತ್ರ 1999ರ ‘ದಿ ಐರನ್ ಜಯಂಟ್’. ಅದರಲ್ಲಿ ಆಕಾಶದಿಂದ ಬಿದ್ದ ದೈತ್ಯ ಒಂದು ಆಯುಧ. ತಾನು ಆಯುಧವಾಗಿ ಇರಲಾರೆ ಅಂತ ಅವನೇ ತೀರ್ಮಾನಿಸುತ್ತಾನೆ. ಆಗ ಥಿಯೇಟರಿನಲ್ಲಿ ಓಡಲಿಲ್ಲ ಪಾಪ. ಜನ ಅದನ್ನು ತಲೆಮೇಲೆ ಹೊತ್ತದ್ದು ಆಮೇಲೆ.

ಕಬ್ಬಿಣದ ಕಡಲೆ:
ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ. ಮನಸ್ಸಿರುವ ದೈತ್ಯ ಓಡಲಿಲ್ಲ. ಮುಖ ಕೀಳುವವನ ಸರಣಿ ನೂರು ಕೋಟಿ ಮುಟ್ಟಿತು. ‘ಬಂಬಲ್‌ಬೀ’ ಗಳಿಸಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಹಳೇ ರೇಡಿಯೋ:
ಅರ್ಧ ಲೆಕ್ಕ ಹೇಳಿದಿರಿ, ಉಳಿದರ್ಧ ನಾನು ಹೇಳುತ್ತೇನೆ. 2017ರಲ್ಲಿ ಸರಣಿಯ ಐದನೇ ಚಿತ್ರ ಬಂತು. ಗ್ರಾಫಿಕ್ಸಿಗೆ ಕೊರತೆ ಇರಲಿಲ್ಲ, ಸದ್ದಿಗಂತೂ ಇರಲೇ ಇಲ್ಲ. ಗಳಿಕೆ ಸುಮಾರು 60 ಕೋಟಿ ಡಾಲರಿಗೆ ಇಳಿಯಿತು. ಮೋಡಿ ಅದರಲ್ಲೇ ಇದ್ದಿದ್ದರೆ ಅದು ಯಾಕೆ ಬಿತ್ತು?

ನಟ್ಟುಬೋಲ್ಟು:
ಇನ್ನೊಂದು ಸೇರಿಸುತ್ತೇನೆ. 2024ರ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ಪೂರ್ತಿ ಅವರ ಗ್ರಹದಲ್ಲೇ ನಡೆಯುತ್ತದೆ, ಒಬ್ಬ ಮನುಷ್ಯನೂ ಇಲ್ಲ. ಆಪ್ಟಿಮಸ್ ಮತ್ತು ಸರಣಿಯ ಖಳನಾಯಕ ಮೆಗಾಟ್ರಾನ್ ಗೆಳೆಯರಾಗಿದ್ದು ಶತ್ರುಗಳಾದ ಕಥೆ. ಚೆನ್ನಾಗಿತ್ತು, ಆದರೂ ಜಾಸ್ತಿ ಜನ ಬರಲಿಲ್ಲ. ಅವರ ಪಕ್ಕದಲ್ಲಿ ಮೊಣಕಾಲೆತ್ತರದ ಒಬ್ಬ ಮನುಷ್ಯ ಬೇಕು ಅನಿಸುತ್ತದೆ. ಇಲ್ಲದಿದ್ದರೆ ಅವರು ದೊಡ್ಡವರು ಅಂತಲೇ ಗೊತ್ತಾಗಲ್ಲ. ತುಳಿಯಬಲ್ಲವನು ತುಳಿಯದೆ ಬಗ್ಗಿ ಮಾತಾಡಿಸುತ್ತಾನಲ್ಲ, ನಾನು ದುಡ್ಡು ಕೊಡುವುದು ಅದಕ್ಕೆ.

ನಡುರಾತ್ರಿ ಶೋ:
ಬಗ್ಗಿ ಮಾತಾಡಿಸಿದ್ದು ನಮ್ಮನ್ನು. ಸೆಂಟಿನೆಲ್‌ನನ್ನಲ್ಲ.

ಸುಮ್ನೆ ಬಂದೆ:
ಆ ದೃಶ್ಯ ನನಗೂ ಹಿಡಿಸಲಿಲ್ಲ. ಬರೀ ಕಬ್ಬಿಣ ಅನಿಸಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.