ಹೊಸ ಬ್ಯಾಟರಿ ಪ್ರೀಆಂಪ್ ಬರ್ತಿದೆ, ಹಮ್ ಹೋಗುತ್ತಾ?

ಮೈಸೂರು ವಿನೈಲ್:
ಯುರೋಪಿನ ಒಂದು ಸಣ್ಣ ಕಂಪನಿ ಪೂರ್ತಿ ಬ್ಯಾಟರಿಯಲ್ಲೇ ನಡೆಯುವ ಪ್ರೀಆಂಪ್ (ಪವರ್ ಆಂಪ್‌ಗೆ ಮೊದಲು ಸಿಗ್ನಲ್ ಹದಮಾಡುವ ಪೆಟ್ಟಿಗೆ) ತರ್ತಿದೆ. ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಫೋನೋ ಸ್ಟೇಜ್ ಒಳಗೇ ಇದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹಾಡು ಶುರುವಾದರೆ ರಿಲೇ (ತಾನೇ ಆಡುವ ಸ್ವಿಚ್) ಚಾರ್ಜರನ್ನು ಬಿಡಿಸಿಬಿಡುತ್ತದಂತೆ. ನಾನಂತೂ ದುಡ್ಡು ಕೂಡಿಡುತ್ತಿದ್ದೇನೆ. ನನ್ನ ಎಂಸಿ ಕಾರ್ಟ್ರಿಜ್ (ಮುಳ್ಳಿನ ಜೊತೆ ಕಾಯಿಲ್ ಅಲುಗುವ ಬಗೆಯ ಪಿಕಪ್) ಕೊಡೋದೇ 0.3 ಮಿಲಿವೋಲ್ಟ್. ಅದನ್ನು ಸಾವಿರ ಪಟ್ಟು ಹಿಗ್ಗಿಸಬೇಕು. ಸಂಜೆ ವೀಣೆಯ ರೆಕಾರ್ಡ್ ಹಾಕಿದರೆ ತಂಬೂರಿಯ ಅಡಿಯಲ್ಲಿ ಸಣ್ಣಗೆ ಹುಂ ಅನ್ನುತ್ತಿರುತ್ತದೆ. ಇದು ಬಂದರೆ ಕರೆಂಟಿನ ಆ 50 ಹರ್ಟ್ಜ್ ಹಮ್ ಪೂರ್ತಿ ಹೋಗುತ್ತದೆ. ಇನ್ಯಾರು ಕಾಯ್ತಿದ್ದೀರಿ?

ಬೆಸುಗೆ ಕಡ್ಡಿ:
"ಆ 50 ಹರ್ಟ್ಜ್ ಹಮ್". ತಪ್ಪು ಇಲ್ಲೇ ಇದೆ ಸರ್. ಪವರ್ ಸಪ್ಲೈಯಿಂದ ಬರುವ ಹಮ್ 50 ಅಲ್ಲ, 100. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ 50 ಹರ್ಟ್ಜ್ ಅಲೆಯ ಎರಡೂ ಅರ್ಧವನ್ನು ಬಳಸುತ್ತದೆ, ಹಾಗಾಗಿ ಕೆಪಾಸಿಟರ್ ಮೇಲೆ ಉಳಿಯುವ ಏರಿಳಿತ 100 ಹರ್ಟ್ಜ್. ನಿಮಗೆ ನಿಜಕ್ಕೂ 50 ಕೇಳ್ತಿದ್ದರೆ ಅದು ಗ್ರೌಂಡ್ ಲೂಪ್ (ಅರ್ಥ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು), ಇಲ್ಲವೇ ಪಕ್ಕದ ಟ್ರಾನ್ಸ್‌ಫಾರ್ಮರ್ ಕಾರ್ಟ್ರಿಜ್ ಕಾಯಿಲ್‌ಗೆ ಅಂಟಿಸಿದ್ದು. ಎರಡಕ್ಕೂ ಬ್ಯಾಟರಿ ಮದ್ದಲ್ಲ.

ಮೈಸೂರು ವಿನೈಲ್:
ಮದ್ದಲ್ಲ ಅಂತ ಅಷ್ಟು ಸುಲಭವಾಗಿ ಹೇಳಬೇಡಿ. ಸದರ್ಲ್ಯಾಂಡ್‌ನವರ ಪಿಎಚ್‌ಡಿ ಅನ್ನೋ ಫೋನೋ ಪ್ರೀಆಂಪ್ 16 ಡಿ ಸೈಜ್ ಆಲ್ಕಲೈನ್ ಸೆಲ್‌ಗಳ ಮೇಲೆ ನಡೆಯುತ್ತಿತ್ತು. ಸ್ವಿಟ್ಜರ್ಲೆಂಡಿನ ಡಾರ್ಟ್‌ಜೀಲ್ ಕಂಪನಿಯ ಪ್ರೀಆಂಪ್ ಕೂಡ ಬ್ಯಾಟರಿಯದ್ದೇ. ಇವರೆಲ್ಲ ಸುಮ್ನೆ ಮಾಡಿದ್ರಾ? ನಮ್ಮನೆಯಲ್ಲಿ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದ ಕೂಡಲೇ ಹಮ್‌ನ ದನಿಯೇ ಬೇರೆಯಾಗುತ್ತದೆ. ಅಂದರೆ ಬರ್ತಿರೋದು ಕರೆಂಟಿನಿಂದಲೇ.

ಹುಬ್ಬಳ್ಳಿ ಕೇಳುಗ:
ಇನ್ವರ್ಟರ್ ಮಾತು ಬಿಡ್ರಿ. ಮನೆ ಇನ್ವರ್ಟರ್‌ಗಳಲ್ಲಿ ಎಷ್ಟೋ ಚೌಕ ಅಲೆ ಕೊಡುವಂಥವು. ಅದರಲ್ಲಿ ಫ್ಯಾನೇ ಗುಂಯ್ ಅನ್ನುತ್ತದೆ. ಅದನ್ನ ಸಾಕ್ಷಿ ಅಂತ ತರಬೇಡ್ರಿ. ನಿಮ್ಮ ಸ್ಪೀಕರ್ ಎಷ್ಟು ಇಂಚಿನದು, ಮೊದಲು ಅದನ್ನ ಹೇಳ್ರಿ.

ಮೈಸೂರು ವಿನೈಲ್:
ಐದು ಇಂಚು, ಪುಸ್ತಕದ ಕಪಾಟಿನ ಮೇಲೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹುಬ್ಬಳ್ಳಿ ಕೇಳುಗ:
ಸಂಬಂಧ ಇದೆ. ಅಷ್ಟು ಸಣ್ಣ ಸ್ಪೀಕರ್ 50 ಹರ್ಟ್ಜ್ ಅನ್ನು ಸರಿಯಾಗಿ ನುಡಿಸೋದೇ ಇಲ್ಲ. ನಿಮಗೆ ಕೇಳ್ತಿರೋದು 100, 150. ಗ್ರೌಂಡ್ ಲೂಪ್ ಇದ್ದರೂ ಅದರ ಜೊತೆ 50ರ ಗುಣಕಗಳಾದ ಈ ಹಾರ್ಮೋನಿಕ್‌ಗಳು ಬಂದೇ ಬರುತ್ತವೆ. ಹಾಗಾಗಿ ಬೆಸುಗೆ ಕಡ್ಡಿಯವರು "50 ಆದರೆ ಲೂಪ್, 100 ಆದರೆ ಸಪ್ಲೈ" ಅಂತ ಗೆರೆ ಎಳೆದದ್ದು ನಿಲ್ಲಲ್ಲ.

ಬೆಸುಗೆ ಕಡ್ಡಿ:
ಗೆರೆ ನಿಲ್ಲುತ್ತದೆ. ನಾನು ಹೇಳಿದ್ದು ಮೂಲದ ಬಗ್ಗೆ, ಸ್ಪೀಕರ್ ಬಗ್ಗೆ ಅಲ್ಲ. ಮೊಬೈಲ್‌ನಲ್ಲಿ ಯಾವ ಹರ್ಟ್ಜ್ ಎಷ್ಟಿದೆ ಅಂತ ತೋರಿಸೋ ಸ್ಪೆಕ್ಟ್ರಮ್ ಆಪ್ ಹಾಕಿ ನೋಡಲಿ.

ಶ್ರುತಿಪೆಟ್ಟಿಗೆ:
ಮೊಬೈಲ್ ಮೈಕಿನಲ್ಲಿ 50 ಹರ್ಟ್ಜ್ ಅಳೆಯೋಕೆ ಹೋಗೋದಾ? ಕಿವಿ ಇದೆಯಲ್ಲ. ನಾನು ಹಾಡೋದು ಬಿಳಿ 5ರ ಶ್ರುತಿಯಲ್ಲಿ, ಅಂದರೆ ಷಡ್ಜ 196 ಹರ್ಟ್ಜ್. ಹಮ್‌ನ 200ರ ಭಾಗ ಅದರ ಪಕ್ಕದಲ್ಲೇ ಕೂರುತ್ತದೆ. ಎರಡೂ ಸೇರಿದಾಗ ಸೆಕೆಂಡಿಗೆ ನಾಲ್ಕು ಸಲ ಅಲುಗುತ್ತದೆ. ತಂಬೂರಿ ಸರಿಯಿದ್ದೂ ಶ್ರುತಿ ಕಲಸಿದಂತೆ ಕೇಳುತ್ತದೆ. ಇದನ್ನು ಅನುಭವಿಸಿದವರಿಗೆ ಬ್ಯಾಟರಿ ಯಾಕೆ ಬೇಕು ಅಂತ ಗೊತ್ತು.

ಬೆಸುಗೆ ಕಡ್ಡಿ:
"ಕಿವಿ ಇದೆಯಲ್ಲ" ಅಂತೀರಿ. 50ಕ್ಕೂ 100ಕ್ಕೂ ಒಂದು ಸ್ಥಾಯಿಯ ಅಂತರ, ಸ್ವರ ಒಂದೇ. ಬೇರೆ ಸದ್ದಿನ ನಡುವೆ ಇದು ಮಂದ್ರ, ಅದು ಅನುಮಂದ್ರ ಅಂತ ಬಿಡಿಸಿ ಹೇಳ್ತೀರಾ?

ಶ್ರುತಿಪೆಟ್ಟಿಗೆ:
ಹೇಳ್ತೀನಿ. ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ. ಸ್ಥಾಯಿ ಗೊತ್ತಾಗದವರು ನನ್ನ ಮುಂದೆ ಕೂತು ಕಲಿಯಲಿ. ಬೆಸುಗೆ ಹಾಕೋದು ಗೊತ್ತಿದ್ದರೆ ಸಂಗೀತವೂ ಗೊತ್ತು ಅಂದ್ಕೋಬೇಡಿ!

ಬೆಸುಗೆ ಕಡ್ಡಿ:
ಮಾತು ವೈಯಕ್ತಿಕ ಆಯ್ತು, ಇರಲಿ. ಪರೀಕ್ಷೆ ಸುಲಭ. ಕಾರ್ಟ್ರಿಜ್ ವೈರ್ ಬಿಚ್ಚಿ, ಫೋನೋ ಇನ್‌ಪುಟ್‌ಗೆ ಶಾರ್ಟಿಂಗ್ ಪ್ಲಗ್ (ಸಿಗ್ನಲ್ ಪಿನ್ನನ್ನು ಗ್ರೌಂಡ್‌ಗೆ ಸೇರಿಸಿಬಿಡುವ ಪ್ಲಗ್) ಹಾಕಿ, ವಾಲ್ಯೂಮ್ ಮೊದಲಿದ್ದಷ್ಟೇ ಇಡಿ. ಹಮ್ ನಿಂತರೆ ಅದು ಕಾರ್ಟ್ರಿಜ್ ಕಡೆಯಿಂದ ಬರ್ತಿದೆ, ಹೊಸ ಪ್ರೀಆಂಪ್ ತಂದರೂ ಬರುತ್ತೆ. ಇನ್ನು ಸಪ್ಲೈ ಗದ್ದಲಕ್ಕೆ ಎಲ್‌ಟಿ3045 ಅನ್ನೋ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಚಿಪ್ ಇದೆ, ಅದರ ನಾಯ್ಸ್ ಬರೀ 0.8 ಮೈಕ್ರೋವೋಲ್ಟ್. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ.

ಹುಬ್ಬಳ್ಳಿ ಕೇಳುಗ:
"ಹಮ್ ನಿಂತರೆ ಕಾರ್ಟ್ರಿಜ್ ಕಡೆಯಿಂದ" ಅನ್ನೋದೂ ಅರ್ಧ. ಕಾರ್ಟ್ರಿಜ್ ವೈರ್ ಬಿಚ್ಚಿದಾಗ ಟರ್ನ್‌ಟೇಬಲ್‌ನ ಗ್ರೌಂಡ್ ಕೂಡ ಬಿಟ್ಟುಹೋಗುತ್ತದೆ, ಲೂಪ್ ಇದ್ದರೆ ಆಗಲೂ ಹಮ್ ನಿಲ್ಲುತ್ತದೆ. ನೀವು ಹೇಳಿದ ಪರೀಕ್ಷೆ ಎರಡನ್ನೂ ಬೇರೆ ಮಾಡಲ್ಲ.

ಬೆಸುಗೆ ಕಡ್ಡಿ:
ಟರ್ನ್‌ಟೇಬಲ್ ಗ್ರೌಂಡ್ ವೈರ್ ಬಿಚ್ಚಿ ಅಂತ ಎಲ್ಲಿ ಹೇಳಿದೆ? ಅದು ಹಾಗೇ ಇರಬೇಕು. ಓದಿ ಬರೀರಿ.

ಕರಾವಳಿ ಆಡಿಯೋ:
ಎಲ್ಲರೂ ಹಮ್ ಹಿಡಿದು ಕೂತಿದ್ದೀರಿ. ಬ್ಯಾಟರಿ ಸತ್ತರೆ ಏನು ಮಾಡ್ತೀರಿ? ಸಾಧನವಿಲ್ಲದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು (ಐರನ್ ಫಾಸ್ಫೇಟ್ ಕೂಡ ಇದೇ ಜಾತಿ) ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸೋದನ್ನು 2016ರ ಏಪ್ರಿಲ್‌ನಿಂದ ನಿಲ್ಲಿಸಿದ್ದಾರೆ. ಯುರೋಪಿನಿಂದ ಬಿಡಿ ಪ್ಯಾಕ್ ತರಿಸೋದು ತಲೆನೋವು. ಸದರ್ಲ್ಯಾಂಡ್‌ನದಕ್ಕಾದರೆ ಅಂಗಡಿಯಲ್ಲಿ ಸಿಗೋ ಸೆಲ್ ಸಾಕು.

ಮೈಸೂರು ವಿನೈಲ್:
"ಅಂಗಡಿಯಲ್ಲಿ ಸಿಗೋ ಸೆಲ್". ನೋಡಿ, ಬ್ಯಾಟರಿ ಪ್ರೀಆಂಪ್ ಒಳ್ಳೇದು ಅಂತ ನೀವೇ ಒಪ್ಪಿದ ಹಾಗಾಯ್ತು.

ಕರಾವಳಿ ಆಡಿಯೋ:
ನಾನು ಒಪ್ಪಿಲ್ಲ. ರಿಪೇರಿ ಬಗ್ಗೆ ಕೇಳಿದೆ. ಅದಕ್ಕೆ ಉತ್ತರ ಕೊಡಿ.

ಹುಬ್ಬಳ್ಳಿ ಕೇಳುಗ:
ಇನ್ನೊಂದು. ನಿಮ್ಮ ಡಿಎಸಿ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಮತ್ತು ಪವರ್ ಆಂಪ್ ಎರಡೂ ಮೂರು ಪಿನ್‌ನವಾದರೆ, ನಡುವೆ ಬ್ಯಾಟರಿ ಪ್ರೀಆಂಪ್ ಇಟ್ಟರೂ ಲೂಪ್ ಕಡಿಯಲ್ಲ. ಕೇಬಲ್‌ನ ಶೀಲ್ಡ್ ಮೂಲಕ ಒಂದರ ಅರ್ಥ್ ಇನ್ನೊಂದಕ್ಕೆ ಸೇರಿಯೇ ಇರುತ್ತದೆ. ರಿಲೇ ಚಾರ್ಜರನ್ನು ಬಿಡಿಸಿದರೂ ಅಷ್ಟೇ.

ಮೈಸೂರು ವಿನೈಲ್:
ನನ್ನ ಡಿಎಸಿ ಎರಡು ಪಿನ್‌ನದು.

ಬೆಸುಗೆ ಕಡ್ಡಿ:
ಹಾಗಾದರೆ ಶಾರ್ಟಿಂಗ್ ಪ್ಲಗ್ ಹಾಕಿ ನೋಡಿ, ಆಮೇಲೆ 50ನೋ 100ನೋ ಅಂತ ಮಾತಾಡೋಣ.

ಶ್ರುತಿಪೆಟ್ಟಿಗೆ:
100. ನನಗೆ ಪ್ಲಗ್ ಬೇಕಿಲ್ಲ.