ಅಪ್ಪ ಅಮ್ಮನ ಮನೆಗೆ ಯುಪಿಎಸ್: ಒಂದು ಬ್ಯಾಟರಿ ಸಾಕಾ, ಎರಡು ಬೇಕಾ?

ಹೆಂಚಿನಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ 14 ಕಿಲೋಮೀಟರ್. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ನಾನು ಬೆಂಗಳೂರಲ್ಲಿ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ. ಲೈನ್ ಮೇಲೆ ಮರ ಬಿದ್ದರೆ ಒಂದು ದಿನ, ಕಂಬವೇ ಮುರಿದರೆ ಮೂರು ದಿನ. ಈಗಿರೋ ಯುಪಿಎಸ್ 900 ವಿಎ, ಬ್ಯಾಟರಿಗೆ ಆರು ವರ್ಷ ಆಯ್ತು. ಕರೆಂಟ್ ಹೋಗಿ ಮುಕ್ಕಾಲು ಗಂಟೆಗೆಲ್ಲ ಕೀ ಕೀ ಅಂತ ಕೂಗಿ ಮಲಗಿಬಿಡುತ್ತದೆ.

ಲೈಟ್ ಇಲ್ಲದಿದ್ದರೆ ಪರವಾಗಿಲ್ಲ, ಅವರಿಗೆ ಅಭ್ಯಾಸ ಇದೆ. ನನ್ನ ತಲೆಬಿಸಿ ಬೇರೆ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಡಿಕೆ ಅಂಗಳದ ಮೂಲೆಯಲ್ಲಿ ಕೈ ಮೇಲೆತ್ತಿ ಹಿಡಿದರೆ ಎರಡು ಕಡ್ಡಿ ಬರುತ್ತೆ, ಅಷ್ಟೇ. ಫೋನ್ ಎಲ್ಲ ವೈಫೈ ಕಾಲಿಂಗ್ ಮೇಲೆ ನಡೀತಿದೆ. ಯುಪಿಎಸ್ ಮಲಗಿದ್ರೆ ವೈಫೈ ಹೋಯ್ತು, ವೈಫೈ ಹೋದ್ರೆ ಅವರು ಹೇಗಿದ್ದಾರೆ ಅಂತ ಗೊತ್ತಾಗೋದೇ ಇಲ್ಲ.

ಅಂಗಡಿಯವರು ಹಳೇದೆಲ್ಲ ತೆಗೆದು ಎರಡು ಬ್ಯಾಟರಿಯ ದೊಡ್ಡ ಯುಪಿಎಸ್ ಹಾಕಿಸಿ ಅಂತಾರೆ. ನನ್ನ ಭಾವ ಲಿಥಿಯಂ ತಗೋ ಅಂತಾನೆ. ಲೋಡ್ ಅಂದ್ರೆ ಆರು ಎಲ್‌ಇಡಿ ಬಲ್ಬ್, ಎರಡು ಫ್ಯಾನ್, 32 ಇಂಚಿನ ಟಿವಿ, ವೈಫೈ. ಬಜೆಟ್ 25 ಸಾವಿರ. ಇನ್ನೊಂದು ವಿಚಿತ್ರ ಇದೆ: ಸಂಜೆ ಹೊತ್ತು ಕರೆಂಟ್ ಇದ್ದರೂ ಯುಪಿಎಸ್ ಬ್ಯಾಟರಿ ಮೇಲೆ ಓಡ್ತಾ ಇರುತ್ತಂತೆ. ಅದೂ ಹಾಳಾಗಿದೆಯಾ?

ಲೈನ್‌ಮನೆ:
ಕೊನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ಅದನ್ನೇ ಮೊದಲು ನೋಡಬೇಕು ಸಾರ್. ನಾನು 18 ವರ್ಷದಿಂದ ವೈರಿಂಗ್ ಕೆಲಸ ಮಾಡ್ತಿದ್ದೇನೆ, ಹಳ್ಳಿ ಕಡೆ ಹತ್ತರಲ್ಲಿ ನಾಲ್ಕು ಮನೆಯಲ್ಲಿ ಇದೇ ಕತೆ.

ಯುಪಿಎಸ್ ಹಿಂದೆ ಅಥವಾ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತೆ. ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ವೈಡ್ ಯುಪಿಎಸ್ ಅಥವಾ ನಾರ್ಮಲ್ ಅಂತ ಬರೆದಿರುತ್ತೆ. ಯುಪಿಎಸ್ ಮೋಡ್ ಇರೋದು ಕಂಪ್ಯೂಟರ್‌ಗೆ. ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದರೆ ಅದು ಹೊರಗಿನ ಕರೆಂಟ್ ಬೇಡ ಅಂತ ಬಿಟ್ಟು ಬ್ಯಾಟರಿಗೆ ಹೋಗುತ್ತೆ. ನಿಮ್ಮ ಮನೆ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇದ್ದು, ಸಂಜೆ ಸುತ್ತಮುತ್ತ ಎಲ್ಲರೂ ಪಂಪ್ ಹಾಕಿದ್ರೆ 160, 170ಕ್ಕೆ ಇಳಿಯೋದು ಮಾಮೂಲು. ಬಲ್ಬ್ ಉರಿಯುತ್ತೆ, ಫ್ಯಾನ್ ನಿಧಾನ ತಿರುಗುತ್ತೆ, ಮನೆಯವರು ಕರೆಂಟ್ ಇದೆ ಅಂದುಕೊಳ್ತಾರೆ, ಆದರೆ ಯುಪಿಎಸ್ ಪಾಲಿಗೆ ಕರೆಂಟ್ ಹೋಗಿದೆ. ಹೀಗೆ ದಿನಾ ಸಂಜೆ ಬ್ಯಾಟರಿ ಖಾಲಿ ಆಗ್ತಾ, ಅರ್ಧಂಬರ್ಧ ಚಾರ್ಜ್ ಆಗ್ತಾ ಇದ್ದರೆ ಎಷ್ಟು ಒಳ್ಳೆ ಬ್ಯಾಟರಿ ಆದ್ರೂ ಬೇಗ ಸಾಯುತ್ತೆ. ಹೊಸದು ಹಾಕಿದರೂ ಅದೇ ಗತಿ.

ವೈಡ್ ಮೋಡ್‌ಗೆ ಹಾಕಿದ್ರೆ ಕಡಿಮೆ ವೋಲ್ಟೇಜ್‌ನಲ್ಲೂ ಲೈನ್ ಮೇಲೇ ನಡೆಯುತ್ತೆ, ಚಾರ್ಜೂ ಆಗುತ್ತೆ. ಒಂದೇ ತೊಂದರೆ, ಕರೆಂಟ್ ಹೋದಾಗ ಬದಲಾಗೋಕೆ ಒಂದು ಗಳಿಗೆ ಜಾಸ್ತಿ ಹಿಡಿಯುತ್ತೆ. ಬಲ್ಬ್ ಒಮ್ಮೆ ಮಿಟುಕುತ್ತೆ, ವೈಫೈ ಆಫ್ ಆಗಿ ಆನ್ ಆಗಬಹುದು. ವೋಲ್ಟೇಜ್ ದಿನಾ ಇಷ್ಟು ಇಳಿಯುತ್ತೆ ಅಂದ್ರೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ.

ಬ್ಯಾಟರಿ ಸತ್ತಿದೆಯಾ ಅಂತ ಸುಮ್ನೆ ಅಂಗಡಿಯವರ ಮಾತು ಕೇಳಬೇಡಿ. ಪೂರ್ತಿ ಚಾರ್ಜ್ ಆದಮೇಲೆ ಹೈಡ್ರೋಮೀಟರ್ (ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಕೊಳವೆ) ಹಾಕಿ ಆರೂ ಸೆಲ್ ನೋಡಿಸಿ. ಟ್ಯೂಬುಲರ್‌ನಲ್ಲಿ, ಅಂದ್ರೆ ಮನೆ ಯುಪಿಎಸ್‌ಗೆ ಹಾಕೋ ಎತ್ತರದ ಸೀಸದ ಬ್ಯಾಟರಿಯಲ್ಲಿ, 1.240 ಆಸುಪಾಸು ಇರಬೇಕು. ಐದು ಸರಿಯಿದ್ದು ಒಂದು ಮಾತ್ರ 1.150ಕ್ಕೆ ಬಿದ್ದಿದ್ದರೆ ಮುಗೀತು, ಬದಲಾಯಿಸಿ.

ಲೆಕ್ಕದಪುಸ್ತಕ:
ಎರಡು ಬ್ಯಾಟರಿ ಯಾಕೆ? ಲೆಕ್ಕ ಹಾಕೋಣ. 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದ್ರೆ ಅದರ 12 ವೋಲ್ಟ್‌ನಿಂದ ಗುಣಿಸಿ, 1800 ವ್ಯಾಟ್ ಅವರ್. ಅಷ್ಟೂ ಕೈಗೆ ಸಿಗಲ್ಲ. ಯುಪಿಎಸ್ ತಿನ್ನೋದು ಕಳೆದು, ಬ್ಯಾಟರಿಯನ್ನು ತಳ ಮುಟ್ಟಿಸದೆ ಬಳಸಿದರೆ 1100 ಸಿಕ್ಕಿತು ಅಂತ ಇಟ್ಟುಕೊಳ್ಳಿ.

ಎಲ್ಲವೂ ಒಟ್ಟಿಗೆ ಓಡಲ್ಲ, ಒಂದು ಹೊತ್ತಿಗೆ ನಾಲ್ಕು ಬಲ್ಬ್ 36 ವ್ಯಾಟ್, ಒಂದು ಹಳೇ ಫ್ಯಾನ್ 75, ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ 60, ವೈಫೈ 12. ಒಟ್ಟು 183. ಅಂದ್ರೆ ಆರು ಗಂಟೆ. ಟಿವಿ ಫ್ಯಾನ್ ಆಫ್ ಮಾಡಿ ಎರಡು ಬಲ್ಬ್, ವೈಫೈ ಅಷ್ಟೇ ಇಟ್ಟರೆ 30 ವ್ಯಾಟ್. ಸಣ್ಣ ಲೋಡ್‌ನಲ್ಲಿ ಯುಪಿಎಸ್ ತಾನೇ ತಿನ್ನೋದು ದೊಡ್ಡದಾಗಿ ಕಾಣುತ್ತೆ, ಆದರೂ ರಾತ್ರಿಯಿಡೀ ಬರುತ್ತೆ. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಫ್ಯಾನ್ ಸೊಳ್ಳೆ ಓಡಿಸೋಕೆ ಬಿಟ್ರೆ ಇನ್ನೇನಕ್ಕೆ! ಬೇಕೇ ಬೇಕು ಅಂದ್ರೆ ಕಡಿಮೆ ಕರೆಂಟ್ ತಿನ್ನೋ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ, 30 ವ್ಯಾಟ್ ಚಿಲ್ಲರೆಯಲ್ಲಿ ಓಡುತ್ತೆ. ಎರಡನೇ ಬ್ಯಾಟರಿಗೆ ಕೊಡೋ ದುಡ್ಡಲ್ಲಿ ಎರಡು ಫ್ಯಾನ್ ಬಂದೂ ಮಿಗುತ್ತೆ.

ಮೂರು ದಿನ ಕರೆಂಟ್ ಇಲ್ಲದಿದ್ರೆ ಎರಡು ಬ್ಯಾಟರಿ ಇದ್ದರೂ ಸಾಲಲ್ಲ. ಎರಡರಲ್ಲಿ ಒಂದು ಕೆಟ್ಟರೆ ಹಳೇದರ ಜೊತೆ ಹೊಸದು ಸೇರಿಸೋದೂ ಸರಿಯಲ್ಲ, ಜೋಡಿಯನ್ನೇ ಬದಲಾಯಿಸಬೇಕು.

ಕೊಳ್ಳುವಾಗ ಸಿ10 ಅಂತ ಬರೆದಿದೆಯಾ, ಸಿ20 ಅಂತಾ ನೋಡಿ. 150 ಎಎಚ್ ಸಿ20 ಅಂದ್ರೆ 20 ಗಂಟೆ ನಿಧಾನ ಎಳೆದರೆ ಮಾತ್ರ 150. ಸಿ10 ಅಂದ್ರೆ 10 ಗಂಟೆಯಲ್ಲಿ ಎಳೆದರೂ ಅಷ್ಟು ಕೊಡುತ್ತೆ. ಎರಡೂ 150 ಅಂತ ಒಂದೇ ಬೆಲೆ ಹೇಳ್ತಾರೆ, ಒಂದೇ ಅಲ್ಲ. ವಾರಂಟಿ 36+18 ಅಂತಿದ್ದರೆ 54 ತಿಂಗಳು ಫ್ರೀ ಅಂದುಕೊಳ್ಳಬೇಡಿ. ಮೊದಲ 36 ತಿಂಗಳು ಬದಲಿ ಬ್ಯಾಟರಿ, ಆಮೇಲೆ ಹೊಸದರ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿ, ಅಷ್ಟೇ. ನಾನು ಒಮ್ಮೆ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸದೆ ಬಂದು, ಎರಡನೇ ವರ್ಷ ಬ್ಯಾಟರಿ ಹೋದಾಗ ಅಂಗಡಿಯವನು ಇದು ನಮ್ಮದೇ ಅಲ್ಲ ಅಂದುಬಿಟ್ಟ. ನಿಂತಲ್ಲೇ ಬರೆಸಿಕೊಳ್ಳಿ. ಹಳೇ ಬ್ಯಾಟರಿಯನ್ನೂ ಸುಮ್ನೆ ಬಿಟ್ಟು ಬರಬೇಡಿ, ಒಳಗಿರೋ ಸೀಸಕ್ಕೆ ಬೆಲೆ ಇದೆ, ಬಿಲ್‌ನಲ್ಲಿ ಕಳೆಯಬೇಕು.

ಭಾವನಪರ:
ನಿಮ್ಮ ಭಾವ ಹೇಳಿದ್ದು ಪೂರ್ತಿ ತಪ್ಪಲ್ಲ. ನಮ್ಮನೆಯಲ್ಲಿ ಲಿಥಿಯಂ ಇದೆ. 12.8 ವೋಲ್ಟ್ 100 ಎಎಚ್, ಅಂದ್ರೆ 1280 ವ್ಯಾಟ್ ಅವರ್, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಳಸಬಹುದು. ನೀರು ಹಾಕೋದಿಲ್ಲ, ಹಗುರ, ಮುಖ್ಯವಾಗಿ ಬೇಗ ಚಾರ್ಜ್ ಆಗುತ್ತೆ. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಕರೆಂಟ್ ಬರೋ ಜಾಗದಲ್ಲಿ ಅದು ದೊಡ್ಡ ಲಾಭ.

ಆದರೆ ನಿಮಗೆ ನಾನು ಹೇಳಲ್ಲ. ಹಳೇ ಯುಪಿಎಸ್‌ಗೆ ಲಿಥಿಯಂ ಸೆಟ್ಟಿಂಗ್ ಇಲ್ಲದಿದ್ರೆ ಅದನ್ನೂ ಬದಲಾಯಿಸಬೇಕು, ಬಜೆಟ್ ದಾಟುತ್ತೆ. ಒಳಗಿನ ಬೋರ್ಡ್ ಹೋದರೆ ಊರಲ್ಲಿ ರಿಪೇರಿ ಮಾಡೋರು ಸಿಗೋದು ಕಷ್ಟ. ಸೀಸದ ಬ್ಯಾಟರಿಯಾದ್ರೆ ಪೇಟೆಯಿಂದ ಒಬ್ಬರು ಬೈಕಲ್ಲಿ ಬಂದು ನೋಡಿ ಹೋಗ್ತಾರೆ. ಸೋಲಾರ್ ಅಂತ ಯಾರಾದ್ರೂ ಹೇಳಬಹುದು. ನಿಮ್ಮ ತಾಲ್ಲೂಕಿನ ಆಗುಂಬೆಗೇ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೇಕಾದ ತಿಂಗಳಲ್ಲೇ ಬಿಸಿಲಿರಲ್ಲ.

ಕೇಬಲ್ಲಿನವ:
ನಿಮ್ಮ ಚಿಂತೆ ವೈಫೈ ಆದ್ರೆ ಅದಕ್ಕೆ ಬೇರೆ ಮಿನಿ ಯುಪಿಎಸ್ ಇಡಿ. ವೈಫೈ ಬಾಕ್ಸಿನ ಅಡಾಪ್ಟರ್ ತಿರುಗಿಸಿ ಓದಿ, 12 ವೋಲ್ಟ್ 1 ಆಂಪಿಯರಾ, 1.5ಆ, 2ಆ ಅಂತ. ಮಿನಿ ಯುಪಿಎಸ್ ಅದಕ್ಕಿಂತ ಕಡಿಮೆ ಇರಬಾರದು. ಪಿನ್ ದಪ್ಪವೂ ಹೊಂದಬೇಕು.

ಡಬ್ಬದ ಮೇಲಿನ ಎಂಎಎಚ್ ನೋಡಿ ಮರುಳಾಗಬೇಡಿ. 10000 ಅಂತ ದೊಡ್ಡ ಅಕ್ಷರದಲ್ಲಿರುತ್ತೆ, ಅದು 3.7 ವೋಲ್ಟ್ ಲೆಕ್ಕ. ಅಂದ್ರೆ 37 ವ್ಯಾಟ್ ಅವರ್. ನಿಮ್ಮ 12 ವ್ಯಾಟ್ ಬಾಕ್ಸಿಗೆ ಎರಡೂವರೆ ಗಂಟೆ. ಅದನ್ನು ಮನೆ ಯುಪಿಎಸ್‌ನ ಸಾಕೆಟ್‌ಗೇ ಚುಚ್ಚಿ. ದೊಡ್ಡದು ಮಲಗಿದ ಮೇಲೆ ಇದು ಶುರುವಾಗುತ್ತೆ, ಮೇಲಿನವರು ಹೇಳಿದ ಆಫ್ ಆನ್ ಸಮಸ್ಯೆಯೂ ಇರಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಿಮ್ಮ ಮನೆಯಲ್ಲಿ ಕರೆಂಟ್ ಇದ್ದು ಕೇಬಲ್ ಕೊಡೋರ ಪೆಟ್ಟಿಗೆಯಲ್ಲಿ ಇಲ್ಲದಿದ್ರೆ ವೈಫೈ ದೀಪ ಹಸಿರಾಗಿದ್ದೂ ಇಂಟರ್ನೆಟ್ ಬರಲ್ಲ. ಅವರ ಕಡೆ ಎಷ್ಟು ಗಂಟೆ ಬ್ಯಾಕಪ್ ಇದೆ ಅಂತ ಮೊದಲು ಕೇಳಿ. ಅವರದ್ದು ಎಂಟು ಗಂಟೆಗೆ ನಿಂತರೆ ನೀವು 20 ಗಂಟೆಗೆ ದುಡ್ಡು ಹಾಕಿ ಏನು ಮಾಡ್ತೀರಿ? ಗುಡುಗು ಶುರುವಾದ್ರೆ ಎಲ್ಲದರ ಪ್ಲಗ್ ಕಿತ್ತುಬಿಡೋಕೆ ಹೇಳಿ, ಸಿಡಿಲಿಗೆ ಹೋದ ಬಾಕ್ಸ್ ನಾನು ವರ್ಷಕ್ಕೆ ಒಂದು ಚೀಲ ನೋಡ್ತೀನಿ.

ಹೆಂಚಿನಮನೆ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನಲ್ಲಿ ಹೇಳಿ ಹಿಂದಿನ ಸ್ವಿಚ್ ನೋಡಿಸಿದೆ. ಜೇಡರ ಬಲೆ ಒರೆಸಿ ಓದಿದ್ರು, ಯುಪಿಎಸ್ ಕಡೆಗೇ ಇತ್ತು. ವೈಡ್‌ಗೆ ಹಾಕಿ ಮೂರು ದಿನ ಆಯ್ತು, ಸಂಜೆ ಬ್ಯಾಟರಿಗೆ ಹೋಗಿಲ್ಲ. ಆದರೆ ಬ್ಯಾಟರಿ ಉಳಿದಿಲ್ಲ. ಎರಡು ಸೆಲ್‌ನಲ್ಲಿ ನೀರಿನ ಮಟ್ಟ ತೋರಿಸೋ ಕಡ್ಡಿ ಪೂರ್ತಿ ಒಳಗೆ ಹೋಗಿದೆ. ಡಿಸ್ಟಿಲ್ಡ್ ವಾಟರ್ ಖಾಲಿಯಾದಾಗ ಅಮ್ಮ ಮಾಡಿನ ನೀರು ಹಿಡಿದು ಹಾಕಿದ್ದರಂತೆ, ಮಳೆ ನೀರು ಶುದ್ಧ ಅಲ್ವಾ ಅಂತ.

ಲೈನ್‌ಮನೆ:
ಹೆಂಚಿನ ಮೇಲಿನ ಪಾಚಿ ಧೂಳು ಎಲ್ಲ ಸೇರಿ ಬರುತ್ತೆ ಸಾರ್, ಮಳೆ ನೀರು ಬೇಡವೇ ಬೇಡ. ಅಂಗಡಿಯ ಬ್ಯಾಟರಿ ನೀರು ಐದು ಲೀಟರ್ ಕ್ಯಾನ್ ತಂದಿಡಿ. ಆಸಿಡ್ ಯಾರು ಹೇಳಿದರೂ ಹಾಕಬೇಡಿ. ಗಾಳಿ ಆಡೋ ಜಾಗದಲ್ಲಿ ಇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ದೇವರ ಕೋಣೆ ಪಕ್ಕ ಇಟ್ಟಿರೋದನ್ನೂ ನೋಡಿದ್ದೇನೆ, ದೀಪದ ಹತ್ತಿರ!

ಹೆಂಚಿನಮನೆ:
ಜಗಲಿ ಮೂಲೆಯಲ್ಲಿದೆ, ಪರವಾಗಿಲ್ಲ. ಹಳೇ ಯುಪಿಎಸ್ಸೇ ಇರಲಿ ಅಂತ ತೀರ್ಮಾನ ಆಯ್ತು, 150 ಸಿ10 ಟ್ಯೂಬುಲರ್ ಒಂದೇ, ಜೊತೆಗೆ 12 ವೋಲ್ಟ್ 2 ಆಂಪಿಯರ್ ಮಿನಿ ಯುಪಿಎಸ್. ಕೇಬಲ್‌ನವರ ಕಡೆ ಹತ್ತು ಗಂಟೆ ಬ್ಯಾಕಪ್ ಇದೆಯಂತೆ. ಅಮ್ಮ ಈಗಲೇ ಕೇಳ್ತಿದ್ದಾರೆ, ಆ ಸಣ್ಣ ಡಬ್ಬಿಗೆ ಟಿವಿನೂ ಸಿಕ್ಕಿಸಬಹುದಾ ಅಂತ.